‘ಫಿಲ್ಟರ್ಡ್’ ಅಂದರೆ ಎಲ್ಲಿ ತಡೆ? ಮಂಡಿಯೊಂದರ ವೇಬ್ರಿಡ್ಜ್ ಕಂಪ್ಯೂಟರ್ ರಿಪೇರಿ ದಾಖಲೆ

ಜಾಗ: ದಾವಣಗೆರೆ ಎಪಿಎಂಸಿ ಯಾರ್ಡಿನ ಒಂದು ಮೆಕ್ಕೆಜೋಳದ ಮಂಡಿ. ಶನಿವಾರ ಇಂಟರ್ನೆಟ್‌ನವರು ಬಂದು ಹಳೆ ರೂಟರ್ ತೆಗೆದು ಹೊಸದು ಕೂರಿಸಿದ್ದರು. ಸೋಮವಾರ ಬೆಳಿಗ್ಗೆ ಆಫೀಸಿನ ಬಿಲ್ಲಿಂಗ್ ಕಂಪ್ಯೂಟರಿಗೆ ವೇಬ್ರಿಡ್ಜ್ (ಗಾಡಿ ತೂಗುವ ಕಟ್ಟೆ) ಕಂಪ್ಯೂಟರಿನ ಡೇಟಾಬೇಸ್ ಸಿಗಲಿಲ್ಲ. ‘ಸರ್ವರ್ ಸಿಗುತ್ತಿಲ್ಲ’ ಎಂಬ ಒಂದೇ ಸಂದೇಶ. ಆವಕ ಜೋರಾಗಿರುವ ದಿನಗಳು, ಗಾಡಿಗಳು ಸಾಲುಗಟ್ಟಿದ್ದವು. ತೂಕದ ಚೀಟಿಯ ಅಂಕಿಯನ್ನು ಆಫೀಸಿನಲ್ಲಿ ಮತ್ತೆ ಕೈಯಾರೆ ಹೊಡೆದು ರೈತರಿಗೆ ಪಟ್ಟಿ (ಬಿಲ್ಲು) ಕೊಡುತ್ತಿದ್ದರು.

ಏನೇನು ಎಲ್ಲೆಲ್ಲಿದೆ

ವೇಬ್ರಿಡ್ಜ್ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸ 192.168.1.20. ವಿಂಡೋಸ್ 10, ಅದರಲ್ಲಿ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್. ಬಿಲ್ಲಿಂಗ್ ಕಂಪ್ಯೂಟರ್ 192.168.1.31. ಕ್ಯಾಮೆರಾದ ಡಿವಿಆರ್ 192.168.1.50, ಆಫೀಸಿನ ಪ್ರಿಂಟರ್ 192.168.1.60. ಎಲ್ಲವೂ 8 ಪೋರ್ಟಿನ ಒಂದು ಸ್ವಿಚ್ಚಿಗೆ ಸೇರುತ್ತವೆ. ವೇಬ್ರಿಡ್ಜ್ ಕೋಣೆಯಿಂದ ಆಫೀಸಿಗೆ 62 ಮೀಟರ್ ಕ್ಯಾಟ್6 ಕೇಬಲ್. ಮಿತಿ 100 ಮೀಟರ್ ಇರುವುದರಿಂದ ಉದ್ದದ ತೊಂದರೆ ಇಲ್ಲ. ಪರೀಕ್ಷೆಗೆ ತಂದದ್ದು ಉಬುಂಟು ಹಾಕಿದ ಲ್ಯಾಪ್‌ಟಾಪ್, ಅದರಲ್ಲಿ ಎನ್‌ಮ್ಯಾಪ್ ಮತ್ತು ಟಿಸಿಪಿಡಂಪ್. ಎನ್‌ಮ್ಯಾಪ್ ಅಂದರೆ ನೆಟ್‌ವರ್ಕ್‌ನಲ್ಲಿ ಯಾವ ಯಂತ್ರಗಳಿವೆ, ಅವುಗಳ ಯಾವ ಪೋರ್ಟ್ (ಒಂದೊಂದು ಸರ್ವೀಸಿನ ಬಾಗಿಲ ಸಂಖ್ಯೆ) ತೆರೆದಿದೆ ಎಂದು ತಟ್ಟಿ ನೋಡುವ ಸಾಧನ, ‘ಫಿಲ್ಟರ್ಡ್’ ಅದು ಕೊಡುವ ಉತ್ತರಗಳಲ್ಲೊಂದು. ಟಿಸಿಪಿಡಂಪ್ ಹೋಗಿಬರುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುತ್ತದೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದೆ, ಹೊಡೆಯುವಾಗ ಇಂಗ್ಲಿಷಿನಲ್ಲೇ ಹೊಡೆಯಬೇಕು. ಎನ್‌ಮ್ಯಾಪ್ ಆಪ್ಷನ್‌ಗಳಲ್ಲಿ ಅಕ್ಷರ ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯ. -ಪಿಎನ್‌ನಲ್ಲಿ ಪಿ ದೊಡ್ಡದು, ಎನ್ ಚಿಕ್ಕದು. -ಎಸ್‌ಎಸ್‌ನಲ್ಲಿ ಮೊದಲನೆಯದು ಚಿಕ್ಕದು, ಎರಡನೆಯದು ದೊಡ್ಡದು. ಪೋರ್ಟ್ ಸಂಖ್ಯೆ ಕೊಡುವ -ಪಿ ಮಾತ್ರ ಚಿಕ್ಕದು.

ಇನ್ನೊಂದು ಮಾತು. ಸ್ಕ್ಯಾನ್ ಮಾಡಿದ್ದು ಮಾಲೀಕರ ಒಪ್ಪಿಗೆ ಪಡೆದು, ಅವರ ಒಳಗಿನ ನೆಟ್‌ವರ್ಕ್‌ನಲ್ಲಿ ಮಾತ್ರ. ಯಾರ್ಡಿನಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡಿವೆ, ಪಕ್ಕದವರ ವೈ-ಫೈ ಕೂಡ ಕಾಣುತ್ತದೆ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿಗೆ ಕೈಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ನಿಗೆ ಸಿಗುವ ಕೆಲಸ. ಕೈ ಕುದುರಿಸಿಕೊಳ್ಳಲು ಎನ್‌ಮ್ಯಾಪ್‌ನವರೇ ಸ್ಕ್ಯಾನ್‌ಮಿ ಎಂಬ ಯಂತ್ರ ಬಿಟ್ಟಿದ್ದಾರೆ, ಅದು ಸಾಕು.

1. ಸೋಮವಾರ 9.40: ವೈ-ಫೈನಿಂದ ಸ್ಕ್ಯಾನ್ (ವ್ಯರ್ಥ)

ಲ್ಯಾಪ್‌ಟಾಪನ್ನು ಆಫೀಸಿನ ವೈ-ಫೈಗೆ ಸೇರಿಸಿ ಮೊದಲು ಯಾರ್ಯಾರು ಇದ್ದಾರೆಂದು ನೋಡಿದ್ದು:

ಸುಡೊ ಎನ್‌ಮ್ಯಾಪ್ -ಎಸ್‌ಎನ್ 192.168.1.0/24

(ಸುಡೊ ಅಂದರೆ ಅಡ್ಮಿನ್ ಹಕ್ಕಿನಲ್ಲಿ ಓಡಿಸು, -ಎಸ್‌ಎನ್ ಅಂದರೆ ಪೋರ್ಟ್ ನೋಡದೆ ಯಾರಿದ್ದಾರೆಂದು ಮಾತ್ರ ಕೇಳು, /24 ಅಂದರೆ ಆ ಸಾಲಿನ 256 ವಿಳಾಸ.) ಸಿಕ್ಕಿದ್ದು ಎರಡೇ: ರೂಟರ್ ಮತ್ತು ಲ್ಯಾಪ್‌ಟಾಪ್. ಪಿಂಗ್ (‘ಇದ್ದೀಯಾ’ ಎಂದು ಕೇಳುವ ಪ್ಯಾಕೆಟ್) ತಡೆದಿರಬಹುದೆಂದು, ಈ ಸಲ ಸುಡೊ ಇಲ್ಲದೆ, -ಎಸ್‌ಎನ್ ಬದಲು -ಪಿಎನ್ -ಪಿ 1433 (ಎಸ್‌ಕ್ಯುಎಲ್ ಸರ್ವರಿನ ರೂಢಿಯ ಪೋರ್ಟ್) ಹಾಕಿ ಅದೇ ವಿಳಾಸಗಳ ಸಾಲಿಗೆ ಮತ್ತೆ ಓಡಿಸಿದೆವು. 256 ವಿಳಾಸಕ್ಕೆ 256ನ್ನೂ ‘ಅಪ್’ ಎಂದಿತು! ಅದು ಪತ್ತೆಯಲ್ಲ. -ಪಿಎನ್ ಅಂದರೆ ‘ಇದ್ದಾರೋ ಇಲ್ಲವೋ ಕೇಳಬೇಡ, ಇದ್ದಾರೆ ಅಂದುಕೊಂಡು ಮುಂದುವರಿ’ ಎಂದು ಹೇಳಿದಂತೆ. ಒಂದು ಗೊತ್ತಿರುವ ವಿಳಾಸಕ್ಕೆ ಬಳಸಬೇಕಾದ ಆಪ್ಷನ್ ಅದು, ಇಡೀ ಸಾಲಿಗಲ್ಲ.

ಕೇಬಲ್ ಹೋಗಿರಬೇಕೆಂದು ವೇಬ್ರಿಡ್ಜ್ ಕಡೆಯ ಕನೆಕ್ಟರ್ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ್ದು ದೊಡ್ಡ ತಪ್ಪು. ಎರಡು ಕನೆಕ್ಟರ್, 40 ನಿಮಿಷ ಹೋಯಿತು. ಸ್ವಿಚ್ಚಿನ ದೀಪ ಮೊದಲೂ ಉರಿಯುತ್ತಿತ್ತು, ಆಮೇಲೂ ಉರಿಯಿತು. ಕತ್ತರಿಸುವ ಮುನ್ನ ಅದನ್ನು ನೋಡಬೇಕಿತ್ತು.

ನಿಜವಾದ ಕಾರಣ ‘ಐಪಿ ನೇಬರ್’ ಆಜ್ಞೆಯಲ್ಲಿ ಕಂಡಿತು. 192.168.1.20ರ ಮುಂದೆ ಮ್ಯಾಕ್ ವಿಳಾಸವೇ (ನೆಟ್‌ವರ್ಕ್ ಕಾರ್ಡಿನ ಗುರುತು) ಇಲ್ಲ, ‘ಫೇಲ್ಡ್’ ಎಂದಿತ್ತು. ಅಂದರೆ ‘ಈ ವಿಳಾಸ ಯಾರದು, ನಿನ್ನ ಮ್ಯಾಕ್ ಹೇಳು’ ಎಂಬ ಎಆರ್‌ಪಿ ಕೂಗಿಗೇ ಉತ್ತರವಿಲ್ಲ. ವಿಂಡೋಸ್ ಫೈರ್‌ವಾಲ್ (ಹೊರಗಿನಿಂದ ಬರುವ ಪ್ಯಾಕೆಟ್ಟುಗಳ ಕಾವಲು) ಪಿಂಗ್ ತಡೆಯುತ್ತದೆ, ಪೋರ್ಟ್ ತಡೆಯುತ್ತದೆ, ಆದರೆ ಎಆರ್‌ಪಿಗೆ ಅಡ್ಡ ಬರುವುದಿಲ್ಲ. ಒಂದೇ ನೆಟ್‌ವರ್ಕ್‌ನಲ್ಲಿದ್ದೂ ಎಆರ್‌ಪಿ ಉತ್ತರ ಬರದಿದ್ದರೆ ತಡೆ ಆ ಕಂಪ್ಯೂಟರಿನಲ್ಲಿಲ್ಲ, ಅದಕ್ಕಿಂತ ಮುಂಚೆಯೇ ಇದೆ. ನೋಡಿದರೆ ಲ್ಯಾಪ್‌ಟಾಪ್ ಸೇರಿದ್ದು ಹೊಸ ರೂಟರಿನ ಅತಿಥಿ ವೈ-ಫೈಗೆ. ಅತಿಥಿ ವೈ-ಫೈಗೆ ಸೇರಿದವರು ಇಂಟರ್ನೆಟ್ ಬಳಸಬಹುದು, ಒಳಗಿನ ಯಂತ್ರಗಳನ್ನು ಮುಟ್ಟುವಂತಿಲ್ಲ. ಈ ರೂಟರಿನಲ್ಲಿ ಅದೂ 192.168.1 ಸಾಲಿನ ವಿಳಾಸವನ್ನೇ ಕೊಡುತ್ತಿದ್ದುದರಿಂದ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ 2 ಮೀಟರ್ ಪ್ಯಾಚ್ ಕೇಬಲ್ ಹಾಕಿ ಲ್ಯಾಪ್‌ಟಾಪನ್ನು ಸ್ವಿಚ್ಚಿಗೇ ಚುಚ್ಚಿದ್ದು. ವಿಳಾಸ 192.168.1.77 ಬಂತು. ಸ್ಕ್ಯಾನ್ ಶುರುಮಾಡುವವರು ಮೊದಲು ಇದನ್ನೇ ಮಾಡಲಿ, ವೈ-ಫೈ ಬೇಡ.

2. 10.50: ತಂತಿಯಿಂದ ಸ್ಕ್ಯಾನ್

ಈಗ ಅದೇ -ಎಸ್‌ಎನ್ ಆರು ಯಂತ್ರ ತೋರಿಸಿತು, 192.168.1.20 ಕೂಡ ಇತ್ತು. ಸಾದಾ ಪಿಂಗ್‌ಗೆ ಮಾತ್ರ ಅದು ಉತ್ತರ ಕೊಡುತ್ತಿಲ್ಲ. ಸುಡೊ ಜೊತೆ ಓಡಿಸಿದಾಗ ಎನ್‌ಮ್ಯಾಪ್ ಒಳ ನೆಟ್‌ವರ್ಕ್‌ನಲ್ಲಿ ಪಿಂಗ್ ಬದಲು ಎಆರ್‌ಪಿಯಲ್ಲೇ ಕೇಳುತ್ತದೆ, ಅದಕ್ಕೇ ಸಿಕ್ಕಿದ್ದು.

ಸುಡೊ ಎನ್‌ಮ್ಯಾಪ್ -ಎಸ್‌ಎಸ್ -ಪಿಎನ್ -ಪಿ 1433 --ರೀಸನ್ 192.168.1.20

ಫಲಿತಾಂಶ: 1433 ಫಿಲ್ಟರ್ಡ್, ಕಾರಣ ‘ನೋ-ರೆಸ್ಪಾನ್ಸ್’.

--ರೀಸನ್ (ಫಲಿತಾಂಶದ ಕಾರಣವನ್ನೂ ತೋರಿಸುವ ಆಪ್ಷನ್) ಇಲ್ಲದೆ ಎನ್‌ಮ್ಯಾಪ್ ಓಡಿಸಲೇಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎನ್‌ಮ್ಯಾಪ್ ‘ಸಿನ್’ ಎಂಬ ಸಂಪರ್ಕದ ಕೋರಿಕೆ ಕಳಿಸುತ್ತದೆ. ‘ಓಪನ್’ ಅಂದರೆ ಒಪ್ಪಿಗೆಯ ಸಿನ್-ಆಕ್ ಬಂತು, ಅಲ್ಲೊಬ್ಬರು ಕಿವಿಗೊಟ್ಟು ಕೂತಿದ್ದಾರೆ. ‘ಕ್ಲೋಸ್ಡ್’ ಅಂದರೆ ನಿರಾಕರಣೆಯ ರೀಸೆಟ್ ಬಂತು: ಕಂಪ್ಯೂಟರಿನ ತನಕ ದಾರಿ ಸರಿ ಇದೆ, ಆ ಪೋರ್ಟಿನಲ್ಲಿ ಯಾರೂ ಇಲ್ಲ. ‘ಫಿಲ್ಟರ್ಡ್’ ಮಾತ್ರ ಎರಡು ಬಗೆ. ನೋ-ರೆಸ್ಪಾನ್ಸ್ ಅಂದರೆ ಪ್ಯಾಕೆಟ್ಟನ್ನು ಯಾರೋ ಸದ್ದಿಲ್ಲದೆ ಎಸೆದರು, ಇಲ್ಲವೇ ಅದು ದಾರಿಯಲ್ಲೇ ಕಳೆದುಹೋಯಿತು. ‘ಅಡ್ಮಿನ್-ಪ್ರೊಹಿಬಿಟೆಡ್’ ಎಂಬಂಥ ಉತ್ತರ ಬಂದರೆ ನಡುವಿನ ಯಾವುದೋ ಯಂತ್ರ ಅಥವಾ ಆ ಕಂಪ್ಯೂಟರೇ ‘ಬಿಡುವುದಿಲ್ಲ’ ಎಂದು ಬಾಯಿಬಿಟ್ಟು ಹೇಳಿದೆ. ಲಿನಕ್ಸ್ ಫೈರ್‌ವಾಲ್‌ನಲ್ಲಿ ಡ್ರಾಪ್ ಹಾಕಿದರೆ ಮೊದಲನೆಯದು ಬರುತ್ತದೆ, ರಿಜೆಕ್ಟ್ ಹಾಕಿದರೆ ಉತ್ತರ ವಾಪಸ್ ಬರುತ್ತದೆ. ವಿಂಡೋಸ್ ಫೈರ್‌ವಾಲ್ ಸದ್ದಿಲ್ಲದೆ ಎಸೆಯುವ ಜಾತಿ. ಯಾರೂ ಕೂತಿರದ ಪೋರ್ಟಿಗೂ ರೀಸೆಟ್ ಕಳಿಸದೆ ಸುಮ್ಮನಿರುತ್ತದೆ.

ಹೋಲಿಕೆಗೆಂದು ಪಕ್ಕದ ಯಂತ್ರಗಳನ್ನೂ ನೋಡಿದ್ದು: ಡಿವಿಆರ್‌ನ 80 ಮತ್ತು 554 ಓಪನ್, ಪ್ರಿಂಟರಿನ 9100 ಓಪನ್. ಅಂದರೆ ಲ್ಯಾಪ್‌ಟಾಪ್, ಸ್ವಿಚ್ಚು ಸರಿ ಇವೆ, ತಡೆ ಇರುವುದು 192.168.1.20ರಲ್ಲೇ. ಪ್ರಿಂಟರಿನ ವಿಷಯದಲ್ಲಿ ಒಂದು ಎಚ್ಚರಿಕೆ: 9100ಕ್ಕೆ ಏನೇ ಕಳಿಸಿದರೂ ಅದು ಕಾಗದದ ಮೇಲೆ ಅಚ್ಚು ಹಾಕುತ್ತದೆ. ಎನ್‌ಮ್ಯಾಪ್‌ನ ವರ್ಷನ್ ಪತ್ತೆ (ಪೋರ್ಟಿನಲ್ಲಿ ಯಾವ ಪ್ರೋಗ್ರಾಂ ಇದೆಯೆಂದು ಕೇಳಿ ನೋಡುವುದು) 9100ರಿಂದ 9107ರವರೆಗಿನ ಪೋರ್ಟುಗಳನ್ನು ತಾನಾಗಿಯೇ ಬಿಟ್ಟುಬಿಡುವುದು ಇದಕ್ಕೇ. --ಆಲ್‌ಪೋರ್ಟ್ಸ್ ಹಾಕಿದರೆ ಆ ರಕ್ಷಣೆ ಹೋಗಿ ಕಸದ ಹಾಳೆಗಳು ಬರತೊಡಗುತ್ತವೆ.

3. 11.15: ಫೈರ್‌ವಾಲ್ ಮೂರು ನಿಮಿಷ ಬಂದ್

ವೇಬ್ರಿಡ್ಜ್ ಕೋಣೆಗೆ ಹೋದಾಗ ತೂಕ ನೋಡುವ ಹುಡುಗ ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು: “ಇಲ್ಲಿ ಚೀಟಿ ಬರ್ತೈತಲ್ಲ ಸಾರ್, ಅಲ್ಲಿಗ್ಯಾಕೆ ಹೋಗ್ತಿಲ್ಲ?” ಚೀಟಿ ಬರುತ್ತಿದೆ ಅಂದರೆ ಡೇಟಾಬೇಸ್ ಓಡುತ್ತಿದೆ. ತೂಕದ ಪ್ರೋಗ್ರಾಂ ಅದೇ ಕಂಪ್ಯೂಟರಿನೊಳಗಿಂದ ಮಾತಾಡುವುದರಿಂದ ಫೈರ್‌ವಾಲ್ ಅದರ ನಡುವೆ ಬರುವುದೇ ಇಲ್ಲ.

ಫೈರ್‌ವಾಲ್ ಬಂದ್ ಮಾಡಿ ಕೆಲಸ ನಡೆಸುವ ರೂಢಿ ನಮ್ಮೂರಿನ ಎಷ್ಟೋ ಆಫೀಸುಗಳಲ್ಲಿದೆ. ಅದು ಬೇಡ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಂಥ ಯಂತ್ರಕ್ಕೆ ಫೈರ್‌ವಾಲೂ ಇಲ್ಲವೆಂದರೆ ಬಾಗಿಲು ತೆರೆದಿಟ್ಟು ಮಲಗಿದ ಹಾಗೆ. ಪರೀಕ್ಷೆಗೆ ಮಾತ್ರ ಬಂದ್ ಮಾಡಿದ್ದು, ಅದೂ ರೂಟರಿನಿಂದ ಇಂಟರ್ನೆಟ್ ತಂತಿ ಕಿತ್ತಿಟ್ಟು, ಗಡಿಯಾರ ನೋಡಿಕೊಂಡು. ಅಡ್ಮಿನ್ ಕಿಟಕಿಯಲ್ಲಿ:

ನೆಟ್‌ಶೆಲ್ ಅಡ್ವಫೈರ್‌ವಾಲ್ ಸೆಟ್ ಆಲ್‌ಪ್ರೊಫೈಲ್ಸ್ ಸ್ಟೇಟ್ ಆಫ್

(ನೆಟ್‌ಶೆಲ್ ಅಂದದ್ದಕ್ಕೆ ಹೊಡೆಯಬೇಕಾದ ಅಕ್ಷರ ಐದು: ಎನ್ ಇ ಟಿ ಎಸ್ ಎಚ್.) ಫೈರ್‌ವಾಲ್ ಸರ್ವೀಸನ್ನೇ ನಿಲ್ಲಿಸುವ ದಾರಿ ಹಿಡಿಯಬಾರದು. ಮೈಕ್ರೋಸಾಫ್ಟ್ ಅದನ್ನು ಬೆಂಬಲಿಸುವುದಿಲ್ಲ, ಬೇರೆ ತೊಂದರೆಗಳು ಏಳುತ್ತವೆ.

ಲ್ಯಾಪ್‌ಟಾಪಿನಿಂದ ಮತ್ತೆ ಅದೇ ಸ್ಕ್ಯಾನ್. ಫಿಲ್ಟರ್ಡ್ ಇದ್ದದ್ದು ಕ್ಲೋಸ್ಡ್ ಆಯಿತು, ಕಾರಣ ರೀಸೆಟ್. ಓಪನ್ ಆಗಲಿಲ್ಲ! ಒಂದೇ ಪರೀಕ್ಷೆಯಿಂದ ಎರಡು ವಿಷಯ ತಿಳಿದವು: ಪ್ಯಾಕೆಟ್ ಎಸೆಯುತ್ತಿದ್ದುದು ವಿಂಡೋಸ್ ಫೈರ್‌ವಾಲೇ, ಮತ್ತು 1433ರಲ್ಲಿ ಡೇಟಾಬೇಸ್ ಕೂತಿಲ್ಲವೇ ಇಲ್ಲ. ಬೆಳಿಗ್ಗೆಯಿಂದ ತಟ್ಟುತ್ತಿದ್ದುದು ತಪ್ಪು ಬಾಗಿಲು. 11.18ಕ್ಕೆ ಫೈರ್‌ವಾಲ್ ಮತ್ತೆ ಆನ್.

4. 11.30: ಡೇಟಾಬೇಸ್ ಯಾವ ಪೋರ್ಟಿನಲ್ಲಿದೆ

ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಎಸ್‌ಕ್ಯುಎಲ್ ಸರ್ವರಿನ ಪಿಐಡಿ (ಓಡುತ್ತಿರುವ ಪ್ರೋಗ್ರಾಂಗೆ ವಿಂಡೋಸ್ ಕೊಡುವ ಸಂಖ್ಯೆ) ನೋಡಿಕೊಂಡು, ‘ನೆಟ್‌ಸ್ಟ್ಯಾಟ್ -ಎಎನ್ಒ’ ಹೊಡೆದು ಆ ಪಿಐಡಿಯ ಸಾಲು ಹುಡುಕಿದ್ದು. 0.0.0.0:51384, ಲಿಸನಿಂಗ್. 0.0.0.0 ಅಂದರೆ ಹೊರಗಿನವರಿಗೂ ಕಿವಿಗೊಡುತ್ತಿದೆ. ಅಲ್ಲಿ 127.0.0.1 (ಆ ಕಂಪ್ಯೂಟರಿನೊಳಗೆ ಮಾತ್ರ ನಡೆಯುವ ವಿಳಾಸ) ಎಂದಿದ್ದರೆ ಫೈರ್‌ವಾಲ್‌ನಲ್ಲಿ ಏನೇ ತೆರೆದರೂ ಹೊರಗಿನಿಂದ ಸಿಗುತ್ತಿರಲಿಲ್ಲ.

1433 ಎಂಬುದು ಎಸ್‌ಕ್ಯುಎಲ್ ಸರ್ವರಿನ ಡೀಫಾಲ್ಟ್ ಇನ್‌ಸ್ಟನ್ಸ್‌ನ (ಕೂರಿಸಿದ ಒಂದೊಂದು ಪ್ರತಿಗೂ ಇನ್‌ಸ್ಟನ್ಸ್ ಎನ್ನುತ್ತಾರೆ) ಪೋರ್ಟ್. ಎಕ್ಸ್‌ಪ್ರೆಸ್ ಸಾಮಾನ್ಯವಾಗಿ ಹೆಸರಿರುವ ಇನ್‌ಸ್ಟನ್ಸ್ ಆಗಿ ಕೂರುತ್ತದೆ ಮತ್ತು ಪೋರ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ರೀಸ್ಟಾರ್ಟ್ ಆದಾಗ ಹಳೆಯ ಪೋರ್ಟನ್ನೇ ಹಿಡಿಯಲು ನೋಡುತ್ತದೆ, ಬೇರೊಬ್ಬರು ಅಲ್ಲಿ ಕೂತಿದ್ದರೆ ಹೊಸದು ಹಿಡಿಯುತ್ತದೆ. ಬಿಲ್ಲಿಂಗ್ ಕಂಪ್ಯೂಟರ್ ಮೊದಲು ಎಸ್‌ಕ್ಯುಎಲ್ ಬ್ರೌಸರ್ ಸರ್ವೀಸನ್ನು ಯುಡಿಪಿ (ಮೊದಲು ಸಂಪರ್ಕ ಕಟ್ಟದೆ ನೇರ ಪ್ಯಾಕೆಟ್ ಕಳಿಸುವ ಬಗೆ) 1434ರಲ್ಲಿ ‘ಎಲ್ಲಿದ್ದೀಯ’ ಎಂದು ಕೇಳಿ, ಅದು ಹೇಳಿದ ಪೋರ್ಟಿಗೆ ಹೋಗುತ್ತದೆ.

ಹಾಗಾದರೆ ಶುಕ್ರವಾರದವರೆಗೆ ಹೇಗೆ ನಡೆಯಿತು? ಫೈರ್‌ವಾಲ್ ನಿಯಮಗಳಲ್ಲಿ ಎಸ್‌ಕ್ಯುಎಲ್ ಸರ್ವರ್ ಪ್ರೋಗ್ರಾಂಗೆ ಒಂದು, ಬ್ರೌಸರ್‌ಗೆ ಒಂದು, ಎರಡೂ ಸರಿಯಾಗಿಯೇ ಇದ್ದವು. ಆದರೆ ಎರಡೂ ‘ಪ್ರೈವೇಟ್’ ಪ್ರೊಫೈಲಿಗೆ ಮಾತ್ರ. ಪವರ್‌ಶೆಲ್‌ನಲ್ಲಿ ‘ಗೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್’ ಹೊಡೆದಾಗ ಕಂಡದ್ದು: ಹೆಸರು ‘ನೆಟ್‌ವರ್ಕ್ 2’, ವರ್ಗ ‘ಪಬ್ಲಿಕ್’.

ಇದೇ ಬೇರು. ರೂಟರ್ ಬದಲಾದರೆ ವಿಂಡೋಸ್‌ಗೆ ಅದು ಗುರುತಿಲ್ಲದ ಹೊಸ ನೆಟ್‌ವರ್ಕ್. ‘ಪಬ್ಲಿಕ್’ ಎಂದು ಬರೆದುಕೊಳ್ಳುತ್ತದೆ, ಬಸ್‌ಸ್ಟ್ಯಾಂಡಿನ ವೈ-ಫೈಯನ್ನು ನಂಬದ ಹಾಗೆ ಮಂಡಿಯ ತಂತಿಯನ್ನೂ ನಂಬುವುದಿಲ್ಲ. ವಿಳಾಸ ಅದೇ, ಕೇಬಲ್ ಅದೇ, ನಿಯಮಗಳೂ ಅವೇ, ಆದರೆ ಆ ನಿಯಮಗಳು ಲೆಕ್ಕಕ್ಕಿಲ್ಲ.

ಸೆಟ್-ನೆಟ್‌ಕನೆಕ್ಷನ್‌ಪ್ರೊಫೈಲ್ -ಇಂಟರ್ಫೇಸ್‌ಇಂಡೆಕ್ಸ್ 7 -ನೆಟ್‌ವರ್ಕ್‌ಕ್ಯಾಟಗರಿ ಪ್ರೈವೇಟ್

7 ಎಂಬುದು ಈ ಯಂತ್ರದ ಸಂಖ್ಯೆ, ಹಿಂದಿನ ಆಜ್ಞೆಯ ಉತ್ತರದಲ್ಲೇ ಸಿಗುತ್ತದೆ. 11.52ಕ್ಕೆ ಬಿಲ್ಲಿಂಗ್ ತೆರೆದುಕೊಂಡಿತು, ಪಟ್ಟಿ ಹೊರಡತೊಡಗಿತು.

ಯುಡಿಪಿ ಬಗ್ಗೆ ಒಂದು ಟಿಪ್ಪಣಿ. 1434ನ್ನು ಸುಮ್ಮನೆ -ಎಸ್‌ಯು (ಯುಡಿಪಿ) ಸ್ಕ್ಯಾನ್‌ನಲ್ಲಿ ನೋಡಿ ‘ಓಪನ್ ಅಥವಾ ಫಿಲ್ಟರ್ಡ್’ ಎಂದು ಬಂದರೆ ಅದರಿಂದ ಏನೂ ತೀರ್ಮಾನಿಸಬಾರದು. ಯುಡಿಪಿಯಲ್ಲಿ ಕೈಕುಲುಕುವ ಕ್ರಮವಿಲ್ಲ. ಮೌನವಾಗಿರುವ ಸರ್ವೀಸೂ ಎಸೆದುಬಿಟ್ಟ ಫೈರ್‌ವಾಲೂ ಹೊರಗಿನಿಂದ ಒಂದೇ ತರ. ಆ ಸರ್ವೀಸಿನ ಭಾಷೆಯಲ್ಲೇ ಕೇಳುವ ಎಂಎಸ್-ಎಸ್‌ಕ್ಯುಎಲ್-ಇನ್‌ಫೊ ಸ್ಕ್ರಿಪ್ಟ್ ಓಡಿಸಿದಾಗ ಇನ್‌ಸ್ಟನ್ಸ್ ಹೆಸರು ಮತ್ತು 51384 ಎರಡೂ ಬಂದವು. ಯುಡಿಪಿಯ ಎಲ್ಲ ಪೋರ್ಟುಗಳನ್ನು ನೋಡುತ್ತೇನೆಂದು ಹೊರಡುವುದೂ ಬೇಡ. ಎದುರಿಗಿರುವುದು ಲಿನಕ್ಸ್ ಆದರೆ ‘ಪೋರ್ಟ್ ಇಲ್ಲ’ ಎಂಬ ಉತ್ತರವನ್ನು ಸೆಕೆಂಡಿಗೆ ಒಂದರಂತೆ ಕೊಡಬಹುದು, ಆ ಲೆಕ್ಕದಲ್ಲಿ 65,535 ಪೋರ್ಟಿಗೆ 18 ಗಂಟೆ ಮೀರುತ್ತದೆ.

5. 12.50: ಸ್ಕ್ಯಾನರ್ ಹೇಳಿದ್ದನ್ನು ನಂಬಿ ಕಳೆದ ಒಂದು ಗಂಟೆ

ಪ್ರೈವೇಟ್ ಮಾಡಿದ ಮೇಲೆ ಬೇರೆ ಏನೇನು ತೆರೆದುಕೊಂಡಿದೆ ಎಂದು ನೋಡಬೇಕಿತ್ತು. -ಪಿ- (ಎಲ್ಲ ಪೋರ್ಟು) -ಟಿ4 (ವೇಗವಾಗಿ) ಹಾಕಿ ಪೂರ್ತಿ ಪೋರ್ಟ್ ಸ್ಕ್ಯಾನ್ ಓಡಿಸಿದ್ದು. ಶುರುವಿನಲ್ಲಿ 445 ಸಿಕ್ಕಿತು, ಆಮೇಲೆ ವೇಗ ಕುಸಿಯಿತು, ಕೊನೆಗೆ ಉಳಿದದ್ದೆಲ್ಲ ಫಿಲ್ಟರ್ಡ್. 51384 ಒಂದನ್ನೇ ಕೇಳಿದರೂ ಫಿಲ್ಟರ್ಡ್. ಪ್ರೊಫೈಲ್ ಮತ್ತೆ ಪಬ್ಲಿಕ್ ಆಯಿತೇ ಎಂದು ನೋಡಿದರೆ ಇಲ್ಲ. ಫೈರ್‌ವಾಲ್ ನಿಯಮಗಳನ್ನು ಒಂದೊಂದಾಗಿ ತಡವುತ್ತ ಕೂತೆವು, ಒಂದೆರಡನ್ನು ಅಳಿಸಿ ಮತ್ತೆ ಬರೆದೆವು. ಕೆಟ್ಟಿರದ್ದನ್ನು ರಿಪೇರಿ ಮಾಡುವ ಕೆಲಸ.

ಅಷ್ಟು ಹೊತ್ತೂ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಪಟ್ಟಿ ಬರುತ್ತಲೇ ಇತ್ತು. ಅದು ಕಣ್ಣಿಗೆ ಬಿದ್ದ ಮೇಲೆಯೇ ದಾರಿ ಸಿಕ್ಕಿದ್ದು. ಅಲ್ಲಿಂದ:

ಟೆಸ್ಟ್-ನೆಟ್‌ಕನೆಕ್ಷನ್ 192.168.1.20 -ಪೋರ್ಟ್ 51384

ಉತ್ತರ ‘ಟ್ರೂ’. ಅದೇ ಕ್ಷಣ ಲ್ಯಾಪ್‌ಟಾಪಿನಿಂದ ಫಿಲ್ಟರ್ಡ್. ಒಬ್ಬರಿಗೆ ತೆರೆದದ್ದು ಇನ್ನೊಬ್ಬರಿಗೆ ಮುಚ್ಚಿದೆ, ಹಾಗಾಗಿ ತಡೆ ಪೋರ್ಟಿನ ಮೇಲಲ್ಲ, ಲ್ಯಾಪ್‌ಟಾಪಿನ ವಿಳಾಸದ ಮೇಲೆ.

ಎರಡೂ ಕಡೆ ಪ್ಯಾಕೆಟ್ ಹಿಡಿದು ನೋಡಿದೆವು. ಲ್ಯಾಪ್‌ಟಾಪಿನಲ್ಲಿ ಟಿಸಿಪಿಡಂಪ್: ಸಿನ್ ಹೋಗುತ್ತಿದೆ, ಒಂದು ಸೆಕೆಂಡಿನೊಳಗೆ ಇನ್ನೊಂದು ಸಿನ್, ವಾಪಸ್ ಏನೂ ಇಲ್ಲ. ವೇಬ್ರಿಡ್ಜ್ ಕಂಪ್ಯೂಟರಿನಲ್ಲಿ ಅದೇ ಕೆಲಸದ ವೈರ್‌ಶಾರ್ಕ್: ಅದೇ ಸಿನ್‌ಗಳು ಬಂದು ಬೀಳುತ್ತಿವೆ, ಉತ್ತರ ಹೊರಡುತ್ತಿಲ್ಲ. ಇಲ್ಲಿ ಬಹಳ ಜನ ಎಡವುತ್ತಾರೆ: ‘ವೈರ್‌ಶಾರ್ಕ್‌ನಲ್ಲಿ ಪ್ಯಾಕೆಟ್ ಕಾಣುತ್ತಿದೆ, ಆದ್ದರಿಂದ ಫೈರ್‌ವಾಲ್ ಬಿಟ್ಟಿದೆ’ ಎಂದು. ಹಾಗಲ್ಲ. ಒಳಬರುವ ಪ್ಯಾಕೆಟ್ ಫೈರ್‌ವಾಲ್ ತಲುಪುವ ಮುನ್ನವೇ ವೈರ್‌ಶಾರ್ಕ್ ಅದರ ನಕಲು ಹಿಡಿದಿರುತ್ತದೆ. ಲಿನಕ್ಸ್‌ನ ಟಿಸಿಪಿಡಂಪೂ ಹಾಗೇ. ಕಂಡರೆ ತಂತಿಯವರೆಗೆ ಬಂತು ಎಂದಷ್ಟೇ ಅರ್ಥ.

ವೇಬ್ರಿಡ್ಜ್ ಕಂಪ್ಯೂಟರಿನ ಆಂಟಿವೈರಸ್ ತೆರೆದು ಅದರ ವರದಿ ನೋಡಿದಾಗ ಸಿಕ್ಕಿತು: ‘ಪೋರ್ಟ್ ಸ್ಕ್ಯಾನ್ ದಾಳಿ, 192.168.1.77 ತಡೆಹಿಡಿಯಲಾಗಿದೆ’. ಅದರ ಫೈರ್‌ವಾಲ್ ಭಾಗ ಆಫ್ ಇದ್ದರೂ ದಾಳಿ ತಡೆಯುವ ಭಾಗ ಬೇರೆಯೇ ಇದೆ. ಸ್ವಲ್ಪ ಹೊತ್ತಿನಲ್ಲಿ ಹಲವು ಪೋರ್ಟ್ ತಟ್ಟಿದವರನ್ನು ಕೆಲವು ನಿಮಿಷ ಪೂರ್ತಿ ಹೊರಗಿಡುತ್ತದೆ. ನಾವು ಮತ್ತೆ ಮತ್ತೆ ಸ್ಕ್ಯಾನ್ ಓಡಿಸಿದಷ್ಟೂ ತಡೆಯ ಗಡುವು ಮುಂದೆ ಹೋಗುತ್ತಿತ್ತು. ಆಂಟಿವೈರಸ್ ಮಾಡಿದ್ದು ಸರಿಯಾದ ಕೆಲಸವೇ. ಅದನ್ನು ಮೊದಲೇ ನೋಡಿಕೊಳ್ಳದ್ದು ನಮ್ಮ ತಪ್ಪು.

ನಿಧಾನ ಸ್ಕ್ಯಾನ್ ಮಾಡಿ ತಪ್ಪಿಸಿಕೊಳ್ಳಬಹುದೇ? -ಟಿ2ನಲ್ಲಿ ಒಂದೊಂದು ತಟ್ಟಿಗೂ ನಡುವೆ 0.4 ಸೆಕೆಂಡ್. 65,535 ಪೋರ್ಟಿಗೆ ಏಳು ಗಂಟೆ ದಾಟುತ್ತದೆ. ಸ್ವಂತ ಯಂತ್ರಕ್ಕೆ ಆ ಸುತ್ತುದಾರಿ ಯಾಕೆ? ಆಂಟಿವೈರಸ್‌ನಲ್ಲಿ 192.168.1.77ಕ್ಕೆ ವಿನಾಯಿತಿ ಬರೆದು, ಸ್ಕ್ಯಾನ್ ಮುಗಿಸಿ, ವಿನಾಯಿತಿ ತೆಗೆದುಹಾಕಿದ್ದು. ತೆಗೆಯುವುದನ್ನು ಮರೆಯದಿರಲು ಮಾನಿಟರಿನ ಮೇಲೆ ಚೀಟಿ ಅಂಟಿಸಿಟ್ಟಿದ್ದೆವು.

ಈ ಸಲದ ಪೋರ್ಟ್ ಪಟ್ಟಿ ನಿಜವಾದದ್ದು: 139, 445, 3389, 51384 ಓಪನ್. ಪ್ರಿಂಟರ್ ಹಂಚಿಕೆಗೆ 445 ಬೇಕು. 3389, ಅಂದರೆ ರಿಮೋಟ್ ಡೆಸ್ಕ್‌ಟಾಪ್, ಯಾರಿಗೂ ಬೇಕಿರಲಿಲ್ಲ. ಯಾವಾಗಲೋ ಸಾಫ್ಟ್‌ವೇರ್ ಕೂರಿಸಿದವರು ತೆರೆದು ಹಾಗೇ ಬಿಟ್ಟುಹೋದದ್ದು. ಬಂದ್ ಮಾಡಿಸಿದ್ದು.

6. ಸಂಜೆ 7.30: ಕೊನೆಯ ಗಾಡಿ ಇಳಿದ ಮೇಲೆ

ಡೇಟಾಬೇಸ್ ಸರ್ವೀಸ್ ರೀಸ್ಟಾರ್ಟ್ ಮಾಡಬೇಕಾದ್ದರಿಂದ ವೇಬ್ರಿಡ್ಜ್ ಮೇಲೆ ಗಾಡಿ ಇಲ್ಲದ ಹೊತ್ತೇ ಆಗಬೇಕು.

ಮೊದಲು ಪೋರ್ಟ್ ಗಟ್ಟಿ ಮಾಡಿದ್ದು. ಎಸ್‌ಕ್ಯುಎಲ್ ಕಾನ್ಫಿಗರೇಶನ್ ಮ್ಯಾನೇಜರ್, ಟಿಸಿಪಿ/ಐಪಿ, ಐಪಿ ಆಲ್. ‘ಡೈನಮಿಕ್ ಪೋರ್ಟ್ಸ್’ ಖಾಲಿ ಬಿಡಬೇಕು. ಅಲ್ಲಿ 0 ಉಳಿದರೂ ಡೈನಮಿಕ್ ಎಂದೇ ಲೆಕ್ಕ. ‘ಟಿಸಿಪಿ ಪೋರ್ಟ್’ನಲ್ಲಿ 1433. ರೀಸ್ಟಾರ್ಟ್. ಬಿಲ್ಲಿಂಗ್ ಪ್ರೋಗ್ರಾಂನ ಸರ್ವರ್ ಖಾನೆಯಲ್ಲಿ ‘192.168.1.20,1433’. ನಡುವೆ ಇರುವುದು ಅಲ್ಪವಿರಾಮ. ಕೋಲನ್ ಹಾಕಿ ಹತ್ತು ನಿಮಿಷ ಕಳೆದೆವು, ಸಂಪರ್ಕ ಸಿಗಲಿಲ್ಲ. ಇನ್ನು ಬ್ರೌಸರ್ ಸರ್ವೀಸ್ ಬೇಕಿಲ್ಲ, ನಿಲ್ಲಿಸಿ 1434ರ ನಿಯಮ ಅಳಿಸಿದ್ದು.

ಆಮೇಲೆ ಪ್ರೋಗ್ರಾಂ ಹೆಸರಿನ ಹಳೆಯ ನಿಯಮ ತೆಗೆದು ಬಿಗಿಯಾದ ಒಂದು ನಿಯಮ: ಒಳಬರುವ ಟಿಸಿಪಿ 1433, ಪ್ರೈವೇಟ್ ಪ್ರೊಫೈಲ್, ರಿಮೋಟ್ ವಿಳಾಸ 192.168.1.31 ಮಾತ್ರ. ಹೀಗೆ ವಿಳಾಸ ಕಟ್ಟಿದ ಮೇಲೆ ಆ ವಿಳಾಸ ಬದಲಾಗಬಾರದು. ರೂಟರಿನಲ್ಲಿ ಎರಡೂ ಕಂಪ್ಯೂಟರುಗಳ ಮ್ಯಾಕ್ ಬರೆದು ವಿಳಾಸ ಕಾಯ್ದಿರಿಸಿದ್ದು.

ಫೈರ್‌ವಾಲ್ ದಾಖಲೆಯನ್ನೂ ಆನ್ ಮಾಡಿದ್ದು. ಎಸೆದ ಪ್ಯಾಕೆಟ್ ಬರೆದಿಡುವುದು ವಿಂಡೋಸ್‌ನಲ್ಲಿ ಮೊದಲಿಗೆ ಆಫ್ ಇರುತ್ತದೆ. ಅದು ಬೆಳಿಗ್ಗೆಯೇ ಆನ್ ಇದ್ದಿದ್ದರೆ ಪ್ಯಾಕೆಟ್ ಎಸೆಯುತ್ತಿದ್ದುದು ಯಾರೆಂಬುದು ಮೂರನೇ ಹಂತಕ್ಕೆ ಮೊದಲೇ ತಿಳಿಯಬಹುದಿತ್ತು.

ಖರ್ಚು: ಪ್ಯಾಚ್ ಕೇಬಲ್ 90 ರೂಪಾಯಿ, ಹತ್ತು ಕನೆಕ್ಟರಿನ ಪೊಟ್ಟಣ 80 ರೂಪಾಯಿ (ಅದರಲ್ಲಿ ಎರಡು ದಂಡ). ಸಾಫ್ಟ್‌ವೇರ್ ಎಲ್ಲ ಉಚಿತ.

7. ರಾತ್ರಿ 8.20: ಕೊನೆಯ ಪರೀಕ್ಷೆ

ವೇಬ್ರಿಡ್ಜ್ ಕಂಪ್ಯೂಟರ್ ಪೂರ್ತಿ ರೀಸ್ಟಾರ್ಟ್, ಆಮೇಲೆ ರೂಟರ್ ಐದು ನಿಮಿಷ ಬಂದ್ ಮಾಡಿ ಮತ್ತೆ ಆನ್. ಪ್ರೊಫೈಲ್ ಪ್ರೈವೇಟ್ ಆಗಿಯೇ ಉಳಿದಿತ್ತು. ಬಿಲ್ಲಿಂಗ್ ಕಂಪ್ಯೂಟರಿನಿಂದ 1433ಕ್ಕೆ ಟೆಸ್ಟ್-ನೆಟ್‌ಕನೆಕ್ಷನ್: ಟ್ರೂ. ಖಾಲಿ ಗಾಡಿಯೊಂದನ್ನು ಹತ್ತಿಸಿ ತೂಕ ಹಿಡಿದು ನೋಡಿದೆವು, ಅಂಕಿ ಆಫೀಸಿನ ಪರದೆಗೆ ಬಂತು.

ಲ್ಯಾಪ್‌ಟಾಪಿನಿಂದ ಬೆಳಿಗ್ಗೆಯ ಆಜ್ಞೆಯನ್ನೇ ಮತ್ತೊಮ್ಮೆ: 1433 ಫಿಲ್ಟರ್ಡ್, ನೋ-ರೆಸ್ಪಾನ್ಸ್. ಬೆಳಿಗ್ಗೆ ಬಂದ ಸಾಲಿಗೂ ಇದಕ್ಕೂ ಒಂದಕ್ಷರ ವ್ಯತ್ಯಾಸವಿಲ್ಲ. ಆದರೆ ವೇಬ್ರಿಡ್ಜ್ ಕಂಪ್ಯೂಟರಿನ ಫೈರ್‌ವಾಲ್ ದಾಖಲೆಯ ಕೊನೆಯಲ್ಲಿ ಈಗ ಎರಡು ಸಾಲು ಇದ್ದವು: ಡ್ರಾಪ್, ಟಿಸಿಪಿ, 192.168.1.77ರಿಂದ 192.168.1.20ಕ್ಕೆ, ಪೋರ್ಟ್ 1433.